ಅಡಿಕೆ ಕೊನೆ ಕೊಯ್ಯೋ ಕೊನೆಗೌಡನ ಕೂಲಿಯೂ ಏರಿದೆ. ಹಾಗಿದ್ದಮೇಲೆ ಬಡವ-ಬಲ್ಲಿದರ ಅಂತರದ ಗೋಳು ಯಾಕೆ?

ತೋಟದ ಮಾಣಿ, ಶಿರಸಿ:

ಮೊನ್ನೆ ನಮ್ಮೂರ ಸೊಸೈಟಿ ಜಗಲಿಯಲ್ಲಿ ಇದೇ ವಾದ ಆಯ್ತು, ಇಲ್ಲೂ ಕೇಳಿಬಿಡೋಣ ಅಂತ. ನನ್ನ ಅಜ್ಜನ ಕಾಲದಲ್ಲಿ ಕೊನೆಗೌಡ ಅಂದ್ರೆ ಗಂಜಿಗೆ, ಹಳೇ ಪಂಚೆಗೆ ನಮ್ಮನೆ ಅಂಗಳದಲ್ಲಿ ಕಾಯಬೇಕಿತ್ತು. ಈಗ ಕೊಯ್ಲಿನ ಹೊತ್ತಿಗೆ ಅವನು ಫೋನ್ ಎತ್ತಿದ್ರೆ ನಮ್ಮ ಪುಣ್ಯ. ಬೈಕಲ್ಲಿ ಬರ್ತಾನೆ, ಕೂಲಿ ಅವನೇ ಹೇಳ್ತಾನೆ, ಚೌಕಾಸಿ ಮಾಡಿದ್ರೆ ಪಕ್ಕದ ತೋಟಕ್ಕೆ ಹೋಗ್ತಾನೆ. ಒಳ್ಳೇದೇ ಆಯ್ತು. ವಿಶ್ವಬ್ಯಾಂಕ್ ಲೆಕ್ಕದಲ್ಲೂ ದೇಶದ ಕಡುಬಡವರು 2011-12ರಲ್ಲಿ ಶೇ. 27.1 ಇದ್ದದ್ದು 2022-23ಕ್ಕೆ ಶೇ. 5.3ಕ್ಕೆ ಇಳಿದಿದೆ. ಬಡವ ಮೇಲೆ ಬರ್ತಾ ಇದ್ದಾನೆ ಅಂತಾದ ಮೇಲೆ ಮುಂಬಯಿ ಸಿರಿವಂತ ಎಷ್ಟು ಮಹಡಿ ಮನೆ ಕಟ್ಟಿದ್ರೆ ನಮಗೇನು? ಬಡತನ ಸಮಸ್ಯೆ, ಒಪ್ತೆ. ಅಂತರ ಯಾಕೆ ಸಮಸ್ಯೆ? ಹೊಟ್ಟೆಕಿಚ್ಚು ಬಿಟ್ಟು ಬೇರೆ ಕಾರಣ ಇದ್ರೆ ಹೇಳಿ.

ಹಳೇ ಲೆಕ್ಕಿಗ, ಕುಮಟಾ:

ಅಂಕಿ ಸರಿ ಇದೆ. ಆದ್ರೆ ಅದು ಮನೆಖರ್ಚಿನ ಸಮೀಕ್ಷೆಯಿಂದ ತೆಗೆದದ್ದು. ಏನು ಉಂಡ್ರಿ, ಏನು ಉಟ್ರಿ ಅಂತ ಅಲ್ಲಿ ಕೇಳ್ತಾರೆ. ಎಷ್ಟು ಕೂಡಿಟ್ಟಿದ್ದೀರಿ ಅನ್ನೋದರ ಲೆಕ್ಕ ಬೇರೆ. ಅಸಮಾನತೆಯ ಲೆಕ್ಕ ಇಡೋ ವರ್ಲ್ಡ್ ಇನೀಕ್ವಾಲಿಟಿ ಲ್ಯಾಬ್‌ನವರು 2024ರಲ್ಲಿ ಹೊರತಂದ ಲೆಕ್ಕದ ಪ್ರಕಾರ, 2022-23ರಲ್ಲಿ ಮೇಲಿನ ಶೇ. 1 ಮಂದಿಯ ಕೈಯಲ್ಲಿ ದೇಶದ ಆದಾಯದ ಶೇ. 22.6, ಸಂಪತ್ತಿನ ಶೇ. 40.1 ಇತ್ತು. ಎರಡೂ ಒಟ್ಟಿಗೇ ನಿಜ ಆಗಬಹುದು. 1985ರಲ್ಲಿ ಎಸ್ಟೇಟ್ ಡ್ಯೂಟಿ, ಅಂದ್ರೆ ಸತ್ತವರ ಆಸ್ತಿ ಮೇಲಿನ ತೆರಿಗೆ ಹೋಯ್ತು, 2015ರ ಬಜೆಟ್ಟಲ್ಲಿ ಸಂಪತ್ತಿನ ತೆರಿಗೆಯೂ ಹೋಯ್ತು. ಅದರಿಂದ ಖಜಾನೆಗೆ ಬರ್ತಿದ್ದದ್ದೂ ಅಷ್ಟರಲ್ಲೇ ಇತ್ತು ಅನ್ನಿ.

ಬೈತಖೋಲಿನವ, ಕಾರವಾರ:

ಮಾಣಿಯವರೇ, ನಾನು ಬಂದರದ ಹತ್ರ ಐಸ್ ಪ್ಲ್ಯಾಂಟಲ್ಲಿ ಬಿಲ್ ಬರೆಯೋನು. ದೊಡ್ಡ ಪರ್ಸೀನ್ ಬೋಟಿನ ಮಾಲಕರೂ ನಮ್ಮ ಗಿರಾಕಿ, ಸಣ್ಣ ಪಾತಿ ದೋಣಿಯವರೂ ಗಿರಾಕಿ. ಮಾಲಕರು ಬಂಗಲೆ ಕಟ್ಟಿದ್ರು ಅಂತ ನನಗೇನೂ ಉರಿ ಇಲ್ಲ.

ಮೊಬೈಲು, ಬೈಕು, ಅಂಗಿ ಇಂಥವನ್ನ ಬೇಕಾದಷ್ಟು ಮಾಡಬಹುದು. ಅವರ ಹತ್ರ ಹತ್ತಿದ್ರೆ ನನ್ನದು ಕಡಿಮೆ ಆಗೋದಿಲ್ಲ, ಅಲ್ಲಿಗೆ ನಿಮ್ಮ ಮಾತು ಸರಿ. ಸಮುದ್ರವನ್ನ ಹಾಗೆ ಮಾಡೋಕೆ ಬರೋದಿಲ್ಲ.

ನನ್ನ ಅಜ್ಜ ರಂಪಣಿ ಎಳೆದವ. ಒಂದು ಕಿಲೋಮೀಟರಿಗೂ ಉದ್ದದ ಬಲೆ. ದೋಣಿಯಲ್ಲಿ ಸುತ್ತು ಹಾಕಿ ಬಂದು ಎರಡೂ ತುದಿ ದಂಡೆಯಿಂದ ಎಳೆಯೋದು. ಊರಿಗೂರೇ ಬರಬೇಕು, ಇಲ್ಲಾಂದ್ರೆ ಬಲೆ ಮೇಲೆ ಬರೋದಿಲ್ಲ. ಹಾಗಾಗಿ ಪಾಲೂ ಊರಿಗೇ: ಬಲೆಗೆ, ದೋಣಿಗೆ, ಎಳೆದ ಕೈಗಳಿಗೆ. ಅಲ್ಲೂ ಮೇಲು-ಕೆಳಗು ಇತ್ತು, ಬಲೆಯವನ ಪಾಲು ದೊಡ್ಡದೇ. ಆದ್ರೆ ಎಳೆಯೋರು ಮುನಿಸಿಕೊಂಡ್ರೆ ಅವನ ಬಲೆ ಮರಳ ಮೇಲೇ ಒಣಗಬೇಕಿತ್ತು. 1970ರ ದಶಕದ ನಡುವಲ್ಲಿ ಪರ್ಸೀನ್ ಬಂತು. ಬಂಗಡೆ, ತಾರ್ಲೆ ಹಿಂಡು ದಂಡೆಗೆ ಬರೋ ಮೊದಲೇ ನಡುನೀರಲ್ಲಿ ಸುತ್ತಿ ಎತ್ತೋ ಬಲೆ ಅದು. ಇಂಜಿನ್ನಿಗೆ ಊರ ಕೈ ಬೇಡ. ಕೆಲವೇ ವರ್ಷದಲ್ಲಿ ರಂಪಣಿ ಮೂಲೆಗೆ ಬಿತ್ತು. ಯಾರೂ ಯಾರದ್ದೂ ಕದಿಯಲಿಲ್ಲ ನೋಡಿ, ಎಲ್ಲ ಕಾನೂನು ಪ್ರಕಾರವೇ. ಸಾಲ ಸಿಕ್ಕವನಿಗೆ ಮೀನೂ ಸಿಕ್ತು, ಅಷ್ಟೆ.

ಈಗ ಲೈಟ್ ಫಿಶಿಂಗ್. ರಾತ್ರಿ ಜನರೇಟರ್ ಹಚ್ಚಿ ನೀರಿಗೆ ಬೆಳಕು ಬಿಟ್ಟು, ಮೀನು ಸೇರಿದ ಮೇಲೆ ಬಲೆ ಹಾಕೋದು. 2017ರಲ್ಲೇ ಕೇಂದ್ರ ಸರ್ಕಾರ ನಿಷೇಧಿಸಿದೆ. ಆದ್ರೆ ದಂಡವನ್ನ ಡೀಸೆಲ್ ಖರ್ಚಿನ ಸಾಲಲ್ಲೇ ಬರೆದುಕೊಳ್ಳೋ ತಾಕತ್ತಿದ್ದವನಿಗೆ ನಿಷೇಧ ಅಂದ್ರೆ ಏನು ಮಾರಾಯ್ರೆ?

ನನ್ನ ಅಮ್ಮ ಬುಟ್ಟಿ ಹೊತ್ತು ಮೀನು ಮಾರಿದವಳು. ಈಗ ಹರಾಜು ಕೂಗೋದು ದೊಡ್ಡ ಲಾಟಿನಲ್ಲಿ, ಗೋವಾ-ಕೇರಳದ ಲಾರಿಯವರಿಗೆ ಹೊಂದೋ ಹಾಗೆ. ಒಬ್ಬಳೇ ಹೆಂಗಸಿಗೆ ಅಷ್ಟು ಎತ್ತೋಕೆ ಆಗೋದಿಲ್ಲ. ನಾಲ್ಕು ಜನ ದುಡ್ಡು ಕೂಡಿಸಿ ಒಂದು ಲಾಟ್ ಹಿಡೀತಾರೆ, ಜೆಟ್ಟಿ ಮೇಲೆ ಸುರಿದು ದೊಡ್ಡದು-ಸಣ್ಣದು ಅಂತ ಕಚ್ಚಾಡ್ತಾ ಪಾಲು ಮಾಡ್ತಾರೆ. ಅಷ್ಟರಲ್ಲಿ ಬಿಸಿಲು ಏರಿರುತ್ತೆ, ಐಸ್ ಬೇಕು. ಐಸಿನ ಬಿಲ್ ಬರೆಯೋನು ನಾನೇ. ಟನ್ ಲೆಕ್ಕದಲ್ಲಿ ಒಯ್ಯೋರಿಗೆ ರೇಟು ಕಡಿಮೆ, ಚೀಲದಲ್ಲಿ ಪುಡಿ ಐಸ್ ಒಯ್ಯೋರಿಗೆ ಹೆಚ್ಚು. ಒಂದೇ ಬಂದರು, ಒಂದೇ ಮೀನು, ಬಡವರ ಬುಟ್ಟಿಗೆ ಐಸ್ ತುಟ್ಟಿ.

ಆಸ್ಪತ್ರೆ ಕತೆಯೂ ಹೀಗೇ. ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಒಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಕೊಡಿ ಅಂತ ಜನ ಎಷ್ಟು ಸಲ ಬೀದಿಗಿಳಿದ್ರು. ಕೈಲಾದವರು ಮಣಿಪಾಲಕ್ಕೋ ಗೋವಾಕ್ಕೋ ಕಾರು ತಿರುಗಿಸ್ತಾರೆ. ದೊಡ್ಡವರ ಮನೆ ಸೋಫಾದಲ್ಲಿ ಕೂತು ಮಾತಾಡಬಲ್ಲವರಿಗೇ ಇಲ್ಲಿ ಆಸ್ಪತ್ರೆ ಬೇಡವಾದ್ರೆ, ಬೇಕು ಅನ್ನೋರ ಮಾತು ಯಾರ ಕಿವಿಗೆ ಬೀಳುತ್ತೆ?

ತೋಟದ ಮಾಣಿ, ಶಿರಸಿ:

ಬೋಟಿನವರೆಲ್ಲ ಸಿರಿವಂತರು ಅನ್ನೋ ಹಾಗೆ ಬರೆದ್ರಿ. ತಾರ್ಲೆ ಸಿಗದ ವರ್ಷ ಬೋಟು ದಡಕ್ಕೆ ಕಟ್ಟಿ, ಹೆಂಡತಿ ಬಂಗಾರ ಅಡವಿಟ್ಟು ಬಡ್ಡಿ ತುಂಬಿದವರನ್ನ ನಾನೂ ಬಲ್ಲೆ. ಒಡಿಶಾ, ಝಾರ್ಖಂಡಿನ ಹುಡುಗರಿಗೆ ಕೆಲಸ ಕೊಟ್ಟವರೂ ಅವರೇ. ಮತ್ತೆ, ಸಮುದ್ರದ ವಾದ ನಮ್ಮ ಅಡಿಕೆಗೆ ಹೊಂದೋದಿಲ್ಲ. ನಾನು ಮೈಮುರಿದು ಸೊಪ್ಪು-ಗೊಬ್ಬರ ಹಾಕಿ ಎರಡು ಕ್ವಿಂಟಲ್ ಹೆಚ್ಚು ಬೆಳೆದ್ರೆ ಯಾರ ಪಾಲು ಕಿತ್ತ ಹಾಗಾಯ್ತು?

ಅಕ್ಕೋರು, ಅಂಕೋಲಾ:

ತಮಾ, ಆ ಸೊಪ್ಪು ಎಲ್ಲಿಂದ ಬಂತು? ಒಂದೆಕರೆ ತೋಟಕ್ಕೆ ಒಂಬತ್ತೆಕರೆವರೆಗೆ ಸೊಪ್ಪಿನ ಬೆಟ್ಟ, ಅಂದ್ರೆ ಸೊಪ್ಪು ತರೋ ಕಾಡು, ನಿಮಗೆ ಬ್ರಿಟಿಷರ ಕಾಲದಿಂದ ಬಂದ ಸವಲತ್ತು. ಅದೇ ಕಾಡಿನಂಚಲ್ಲಿ ನಾಲ್ಕು ಗುಂಟೆ ಗದ್ದೆ ಮಾಡಿಕೊಂಡವನ ಹೆಸರು ಅತಿಕ್ರಮಣದಾರ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಅರ್ಜಿ ಹಾಕಿದ್ರೆ ಅವನು ಮೂರು ತಲೆಮಾರು, ಅಂದ್ರೆ 75 ವರ್ಷ ಅಲ್ಲೇ ಇದ್ದದ್ದಕ್ಕೆ ಪುರಾವೆ ತರಬೇಕು. ಪರಿಶಿಷ್ಟ ಪಂಗಡದವರಿಗೆ ಈ ಷರತ್ತಿಲ್ಲ, ಆದ್ರೆ ನಮ್ಮ ಹಾಲಕ್ಕಿ ಒಕ್ಕಲಿಗ ಸಮುದಾಯದವರನ್ನ ಆ ಪಟ್ಟಿಗೆ ಸೇರಿಸಿಲ್ಲವಲ್ಲ.

ನಾವು ಗೇಣಿ ಮನೆಯವರು. ದಿನಕರ ದೇಸಾಯಿಯವರು ಗೇಣಿದಾರರ ಪರ ಹೋರಾಡಿದ್ದು, 1953ರಲ್ಲಿ ಕೆನರಾ ವೆಲ್ಫೇರ್ ಟ್ರಸ್ಟ್ ಕಟ್ಟಿ ಶಾಲೆ ತೆರೆದದ್ದು ಎಲ್ಲರಿಗೂ ಗೊತ್ತು. 1974ರ ಭೂಸುಧಾರಣೆ ತಿದ್ದುಪಡಿ ಬಂದಾಗ ಅಪ್ಪ ಏಳನೇ ನಮೂನೆ, ಅಂದ್ರೆ ಗೇಣಿ ಗದ್ದೆ ತನ್ನ ಹೆಸರಿಗೆ ಕೇಳೋ ಅರ್ಜಿ ತುಂಬಿದ. ಬರೆದುಕೊಟ್ಟದ್ದು ನೆರೆಮನೆಯವರು, ಅಪ್ಪನದ್ದು ಹೆಬ್ಬೆಟ್ಟು. ಸಿಕ್ಕ ಗದ್ದೆ ಸಣ್ಣದೇ. ಆದ್ರೆ ಕಣದಲ್ಲಿ ಒಡೆಯರ ಭತ್ತ ಮೊದಲು ಅಳೆದು ಇಡೋದು ನಿಂತ ವರ್ಷ ಅಪ್ಪ ಅವರ ಮನೆ ಜಗಲಿ ಹತ್ತಿ ಕೂತ. ಒಡೆಯರು ಚಾ ಕೊಡಿಸಿದ್ರು, ಮುಖ ಮಾತ್ರ ಗಂಟು. ನಿಮ್ಮ ಕೊನೆಗೌಡನ ಕೂಲಿ ಏರಿದ್ದು ಸಂತೋಷ. ಅವನ ಹೆಸರಲ್ಲಿ ಪಹಣಿ ಇದೆಯಾ ಕೇಳಿ ನೋಡಿ. ಮರದಿಂದ ಬಿದ್ರೆ ಆ ಕೂಲಿ ಅವತ್ತಿಗೇ ನಿಲ್ತು.

ತೋಟದ ಮಾಣಿ, ಶಿರಸಿ:

ಅಕ್ಕೋರೆ, ಬೆಟ್ಟ ನಮ್ಮ ಮಾಲ್ಕಿ ಅಲ್ಲ, ಸೊಪ್ಪು, ಒಣಗಿದ ಎಲೆ (ದರಕು) ತರೋ ಹಕ್ಕು ಅಷ್ಟೆ. ಮರ ಕಡಿದ್ರೆ ನಮ್ಮ ಮೇಲೂ ಕೇಸು. ಅದನ್ನ ಬೇರೆ ಚರ್ಚೆ ಮಾಡೋಣ. ಪಹಣಿ ವಿಷಯ ಅವನನ್ನೇ ಕೇಳ್ತೆ. ಬೈತಖೋಲಿನವರೇ, ಪುಡಿ ಐಸಿಗೂ ಟನ್ನಿಗೂ ರೇಟಲ್ಲಿ ಎಷ್ಟು ಫರಕು?

ಬೈತಖೋಲಿನವ, ಕಾರವಾರ:

ಸೀಸನ್ ಮೇಲೆ. ಜುಲೈ 31ಕ್ಕೆ ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ಬೋಟುಗಳೆಲ್ಲ ಒಟ್ಟಿಗೇ ಇಳಿಯೋ ವಾರ ದೊಡ್ಡವರು ಮುಂಗಡ ಕೊಟ್ಟು ಬುಕ್ ಮಾಡಿರ್ತಾರೆ, ಚಿಲ್ಲರೆಗೆ ಐಸೇ ಇರೋದಿಲ್ಲ. ರೇಟು ಕೇಳಿ ಏನು ಮಾಡ್ತೀರಿ.