'ಹೀಟ್' ಸಿನಿಮಾದಲ್ಲಿ ಹೊಸದೇನಿದೆ ಹೇಳಿ ನೋಡೋಣ

ಅಗ್ರಹಾರದ ಅಣ್ಣಯ್ಯ
ನಿನ್ನೆ ರಾತ್ರಿ ಕೂತು 'ಹೀಟ್' ನೋಡಿ ಮುಗಿಸಿದೆ. 1995ರ ಹಾಲಿವುಡ್ ದರೋಡೆ ಸಿನಿಮಾ, ಮೈಕೆಲ್ ಮನ್ ನಿರ್ದೇಶನ, 170 ನಿಮಿಷ. ಮೈಸೂರಿನಲ್ಲಿ ನನಗೆ ಗೊತ್ತಿರುವ ಸಿನಿಮಾ ಹುಚ್ಚರೆಲ್ಲ ಇದನ್ನು ತಲೆ ಮೇಲೆ ಹೊತ್ತುಕೊಂಡಿದ್ದಾರೆ. ನನಗೆ ಕಂಡಿದ್ದು ಬರೀ ಹಳೇ ಸಾಮಾನು. ಇದೊಂದು ಕೆಲಸ ಮುಗಿಸಿ ದೂರ ಹೋಗಿಬಿಡುತ್ತೇನೆ ಎನ್ನುವ ಕಳ್ಳ. ಗುಂಪಿಗೆ ಹೊಸದಾಗಿ ಸೇರಿದ ಒಬ್ಬ ತಲೆಕೆಟ್ಟವನು, ಅವನಿಂದಲೇ ಎಲ್ಲ ಹಾಳು. ಕೊನೇ ಗಳಿಗೆಯಲ್ಲಿ ಡ್ರೈವರ್ ಆಗಿ ಬಂದವನು, ಬಂದ ತಕ್ಷಣ ಗೊತ್ತಾಗುತ್ತದೆ ಇವನು ಸಾಯುತ್ತಾನೆ ಅಂತ. ಮನೆ ಕಡೆ ತಿರುಗಿ ನೋಡದ ಪೊಲೀಸು. ಆಮೇಲೆ ಪೊಲೀಸು, ಕಳ್ಳ ಇಬ್ಬರೂ ಎದುರುಬದುರು ಕೂತು ಕಾಫಿ ಕುಡಿದು 'ನೀನೂ ನಾನೂ ಒಂದೇ' ಎನ್ನುವ ಹಾಗೆ ಮಾತಾಡುವುದು. ಕೊನೆಗೆ ಅಷ್ಟು ದೊಡ್ಡ ದುಡ್ಡಿನ ಚೀಲ ಹೊತ್ತುಕೊಂಡು ರಸ್ತೆ ತುಂಬ ಗುಂಡು ಹಾರಿಸುತ್ತಾ ಓಡುವುದು. ಇದಕ್ಕಾ ಇಷ್ಟು ಜೈಕಾರ?

ಫಿಲಂ ಗುರು
ಕಾಫಿ ಸೀನ್ ಹಳೇ ಸಾಮಾನಾ? ಅದು ನಿಜವಾಗಿ ನಡೆದದ್ದು ಸ್ವಾಮಿ. ಷಿಕಾಗೋದಲ್ಲಿ ಚಕ್ ಆಡಮ್ಸನ್ ಅಂತ ಪತ್ತೇದಾರ ಇದ್ದ. ಸಿನಿಮಾದ ಕಳ್ಳನ ಹೆಸರೇ, ನೀಲ್ ಮೆಕಾಲಿ ಅಂತಲೇ ಒಬ್ಬ ದರೋಡೆಕೋರ ಇದ್ದ. ಇಬ್ಬರೂ ಕೂತು ಕಾಫಿ ಕುಡಿದಿದ್ದರು. 1964ರಲ್ಲಿ ಒಂದು ದರೋಡೆ ಮಾಡಿ ಓಡುವಾಗ ಮೆಕಾಲಿ ಪೊಲೀಸರ ಗುಂಡಿಗೆ ಸತ್ತ. ಈ ಕತೆಯನ್ನೇ ಮನ್ 1989ರಲ್ಲಿ ಒಂದು ಟಿವಿ ಸಿನಿಮಾ ಮಾಡಿ, ತೃಪ್ತಿಯಾಗದೆ ಮತ್ತೆ ಮಾಡಿದ್ದು. ಇನ್ನೊಂದು ವಿಷಯ. ಪೊಲೀಸ್ ಪಾತ್ರದ ಪಚೀನೊ, ಕಳ್ಳನ ಪಾತ್ರದ ಡಿ ನಿರೊ ಇಬ್ಬರೂ 1974ರ 'ಗಾಡ್‌ಫಾದರ್' ಎರಡನೇ ಭಾಗದಲ್ಲಿ ಇದ್ದರೂ ಒಂದೇ ಸೀನಿನಲ್ಲಿ ಎದುರಾಗಿರಲಿಲ್ಲ. ಮೊದಲ ಸಲ ಎದುರು ಕೂತದ್ದು ಇಲ್ಲಿ, ಆ ಕಾಫಿ ಮೇಜಿನ ಮುಂದೆ. ಗೊತ್ತಿಲ್ಲದೆ ಸುಮ್ನೆ ಬರೆಯಬೇಡಿ.

ಅಗ್ರಹಾರದ ಅಣ್ಣಯ್ಯ
ನಿಜವಾಗಿ ನಡೆದರೆ ಸವಕಲು ಅಲ್ಲ ಅಂತಾನಾ ಗುರುಗಳೇ? ನಮ್ಮ ಬೀದಿಯಲ್ಲಿ ದಿನಾ ಅತ್ತೆ ಸೊಸೆ ಜಗಳ ನಡೆಯುತ್ತದೆ. ಅದೂ ನಿಜವೇ. ಹಾಗಂತ ಟಿವಿ ಸೀರಿಯಲ್ ಹೊಸದಾಗಿಬಿಡುತ್ತದಾ?

ನಿವೃತ್ತ ಕ್ಯಾಷಿಯರ್
ಅಣ್ಣಯ್ಯನವರು ದುಡ್ಡಿನ ಚೀಲದ ವಿಷಯ ಒಂದೇ ಸಾಲಲ್ಲಿ ಹೇಳಿ ಮುಂದೆ ಹೋದರು. ನನಗೆ ಆ ಸಿನಿಮಾದಲ್ಲಿ ನಂಬಲು ಆಗದೇ ಇದ್ದದ್ದೇ ಅದು. ನಾನು ನೋಟು ಎಣಿಸಿ ಬೆರಳು ಸವೆಸಿದ್ದು ಸ್ಟೇಟ್ ಬ್ಯಾಂಕ್ ಆಫ್ ಮೈಸೂರಿನಲ್ಲಿ. 1913ರಲ್ಲಿ ಶುರುವಾದ ಬ್ಯಾಂಕು, 2017ರಲ್ಲಿ ಎಸ್‌ಬಿಐ ಜೊತೆ ಸೇರಿಹೋಯಿತು. ಇರಲಿ. ಅಮೆರಿಕದ ನೋಟು ಯಾವುದಾದರೂ ಸರಿ, ಒಂದಕ್ಕೆ ಒಂದು ಗ್ರಾಂ ತೂಕ. ಸಿನಿಮಾದಲ್ಲಿ ದೋಚುವುದು ಸುಮಾರು 1 ಕೋಟಿ 20 ಲಕ್ಷ ಡಾಲರ್. ಎಲ್ಲಾ ನೂರರ ನೋಟೇ ಎಂದುಕೊಂಡರೂ 1 ಲಕ್ಷ 20 ಸಾವಿರ ನೋಟು. ಅಂದರೆ 120 ಕೇಜಿ. ಬ್ಯಾಂಕಿನೊಳಗೆ ಹೋದವರು ಮೂವರು. ತಲಾ 40 ಕೇಜಿ ಹೆಗಲಿಗೆ ನೇತುಹಾಕಿಕೊಂಡು, ಕೈಯಲ್ಲಿ ರೈಫಲ್ ಹಿಡಿದು, ನೆಟ್ಟಗೆ ಗುರಿ ಇಟ್ಟು ಹೊಡೆಯುತ್ತಾರೆ. ಇಪ್ಪತ್ತರ ನೋಟಾದರೆ 600 ಕೇಜಿ. ಲಾರಿ ತರಬೇಕು.

ಮಂಡ್ಯ ಕಬ್ಬು
40 ಕೇಜಿಗೇ ಸುಸ್ತಾ ಸಾರ್? ನಮ್ಮ ಕಡೆ ಕಬ್ಬು ಕಡಿಯುವವರನ್ನು ನೋಡಿ ಬನ್ನಿ. ತಲೆ ಮೇಲೆ ಕಂತೆ ಹೊತ್ತು, ಒಂದು ಹಲಗೆ ಮೇಲೆ ನಡೆದು ಲಾರಿ ಹತ್ತುತ್ತಾರೆ. ಹೆಂಗಸರೂ ಹತ್ತುತ್ತಾರೆ. ಎಸಿ ಕೆಳಗೆ ಕೂತು ನೋಟು ಎಣಿಸಿದವರಿಗೆ 40 ಕೇಜಿ ಬೆಟ್ಟದ ಹಾಗೆ ಕಾಣಬಹುದು.

ನಿವೃತ್ತ ಕ್ಯಾಷಿಯರ್
ಎಸಿ? ನಮ್ಮ ಶಾಖೆಯಲ್ಲಿ ಇದ್ದದ್ದು ಕಿರುಗುಟ್ಟುವ ಎರಡು ಫ್ಯಾನು. ಅದರಲ್ಲಿ ಒಂದು ಮ್ಯಾನೇಜರ್ ತಲೆ ಮೇಲೆ.

ಕುವೆಂಪುನಗರ ಶಾಲಿನಿ
ತೂಕ ಆಮೇಲೆ ಹಾಕಿ. ಅಣ್ಣಯ್ಯನವರೇ, ನೀವು ಪಟ್ಟಿ ಮಾಡಿದ ಎಲ್ಲವೂ ಆ ಸಿನಿಮಾದಲ್ಲಿ ಇದೆ, ಒಪ್ಪುತ್ತೇನೆ. ಆದರೆ ಮುಖ್ಯವಾದದ್ದನ್ನೇ ಬಿಟ್ಟಿರಿ. ನೀಲ್‌ಗೆ ಒಂದು ನಿಯಮ ಇದೆ. ಪೊಲೀಸರ ವಾಸನೆ ಬಡಿದರೆ 30 ಸೆಕೆಂಡಿನಲ್ಲಿ ಬಿಟ್ಟು ಹೋಗಲು ಆಗದಂಥ ಯಾವುದನ್ನೂ ಅಂಟಿಸಿಕೊಳ್ಳಬಾರದು. ಇಂಥ ನಿಯಮ ಇರುವ ಕಳ್ಳ ಕೊನೆಗೆ ಪ್ರೀತಿಗಾಗಿ ಅದನ್ನು ಮುರಿದು ಸಿಕ್ಕಿಬೀಳಬೇಕು. ಮಾಮೂಲಿ ಕತೆ ಅದೇ ಅಲ್ವಾ? ಇಲ್ಲಿ ಏನಾಗುತ್ತದೆ ನೋಡಿ. ಪ್ರೇಯಸಿ ಈಡಿ ಜೊತೆ ವಿಮಾನ ಹತ್ತಲು ಹೊರಟವನು ದಾರಿ ತಿರುಗಿಸುವುದು ಆ ತಲೆಕೆಟ್ಟ ವೇಂಗ್ರೋನನ್ನು ಕೊಲ್ಲಲು. ನಿಯಮ ಮುರಿದದ್ದು ಹಗೆಗಾಗಿ. ಆಮೇಲೆ ಪೊಲೀಸು ಹ್ಯಾನಾ ಕಣ್ಣಿಗೆ ಬಿದ್ದಾಗ ಈಡಿಯನ್ನು ಕಾರಿನ ಪಕ್ಕ ನಿಲ್ಲಿಸಿ ಹೊರಟೇ ಹೋಗುತ್ತಾನೆ. ಅಂದರೆ ಪ್ರೀತಿ ವಿಷಯದಲ್ಲಿ ನಿಯಮ ಪಾಲಿಸಿಬಿಟ್ಟ! ಆ ಹುಡುಗಿಯ ಮುಖ ನೋಡಿ ನನಗೆ ಹೊಟ್ಟೆ ಕಿವುಚಿತು. ಹಳೇ ಸಾಮಾನನ್ನೇ ತಿರುಗಿಸಿ ಇಟ್ಟಿದ್ದಾರೆ. ಇನ್ನು ಗಂಡಂದಿರನ್ನು ಕಾಯುವ ಹೆಂಗಸರು ಅಂತ ಬೇಸರ ನನಗೂ ಇದೆ. ಆದರೆ ಆ ಇಡೀ ಸಿನಿಮಾದಲ್ಲಿ ತನ್ನ ಲಾಭ ನೋಡದೆ ಒಂದು ಕೆಲಸ ಮಾಡುವವಳು ನೀಲ್ ಗುಂಪಿನ ಕ್ರಿಸ್‌ನ ಹೆಂಡತಿ ಷಾರ್ಲೀನ್ ಒಬ್ಬಳೇ. ಪೊಲೀಸರು ಮನೆಯೊಳಗೇ ಕೂತಿರುವಾಗ ಬಾಲ್ಕನಿಯಿಂದ ಕೈಸನ್ನೆ ಮಾಡಿ ಗಂಡನನ್ನು ಉಳಿಸುತ್ತಾಳೆ.

ಮಂಡ್ಯ ಕಬ್ಬು
ಮೇಡಂ, ಒಬ್ಬಳೇ ಅಂತೀರಲ್ಲ, ಗುಂಡು ತಗುಲಿದ ಕ್ರಿಸ್‌ನನ್ನು ನೀಲ್ ಬಿಟ್ಟು ಓಡಬಹುದಿತ್ತು. ಹೊತ್ತುಕೊಂಡು ಹೋಗಲಿಲ್ವಾ?

ನಿವೃತ್ತ ಕ್ಯಾಷಿಯರ್
ಒಳ್ಳೆಯದನ್ನೇ ನೆನಪಿಸಿದಿರಿ. ಆ ಕ್ರಿಸ್ ಎಷ್ಟು ಕೇಜಿ ಇದ್ದಾನು? ಎಪ್ಪತ್ತು ಅಂದುಕೊಳ್ಳಿ. ಅದನ್ನೂ ಲೆಕ್ಕಕ್ಕೆ ಸೇರಿಸಿ.

ಫಿಲಂ ಗುರು
ಆ ಗುಂಡಿನ ಕಾಳಗವನ್ನು ಹೀಗೆ ತಕ್ಕಡಿಯಲ್ಲಿ ಇಡುತ್ತೀರಲ್ಲ! ಅದರ ಗುಂಡಿನ ಸದ್ದು ಸ್ಟುಡಿಯೋದಲ್ಲಿ ಆಮೇಲೆ ಸೇರಿಸಿದ್ದಲ್ಲ. ಲಾಸ್ ಏಂಜಲೀಸಿನ ಬೀದಿಯಲ್ಲಿ ಶೂಟಿಂಗ್ ಮಾಡುವಾಗಲೇ ಹಿಡಿದದ್ದು. ಕಟ್ಟಡಗಳಿಗೆ ಬಡಿದು ವಾಪಸ್ ಬರುವ ಸದ್ದು. ನಟರಿಗೆ ಬ್ರಿಟಿಷ್ ಸೇನೆಯಲ್ಲಿ ಇದ್ದವರಿಂದ ಬಂದೂಕಿನ ತರಬೇತಿ ಕೊಡಿಸಿದ್ದರು. ಇನ್ನು ಚೀಲ ಹೊತ್ತು ಹೊಡೆದಾಡುವುದು ಸುಳ್ಳು ಎನ್ನುವವರು 1997ರ ಫೆಬ್ರವರಿ 28ನ್ನು ನೆನಪು ಮಾಡಿಕೊಳ್ಳಿ. ಅದೇ ಊರಿನ ನಾರ್ತ್ ಹಾಲಿವುಡ್‌ನಲ್ಲಿ ಇಬ್ಬರು ಬ್ಯಾಂಕ್ ದೋಚಿ, ಮೈತುಂಬ ಕವಚ ತೊಟ್ಟು, ಬೀದಿಯಲ್ಲಿ ಮುಕ್ಕಾಲು ಗಂಟೆ ಹತ್ತಿರ ಪೊಲೀಸರ ಜೊತೆ ಗುಂಡು ಹಾರಿಸಿದರು. ಸಿನಿಮಾ ಬಂದು ಎರಡು ವರ್ಷ ಕೂಡ ಆಗಿರಲಿಲ್ಲ.

ನಿವೃತ್ತ ಕ್ಯಾಷಿಯರ್
ಅವರು ದೋಚಿದ್ದು ಎಷ್ಟು, ಅದನ್ನು ಯಾಕೆ ಬಿಟ್ಟಿರಿ? 3 ಲಕ್ಷ ಡಾಲರ್ ಚಿಲ್ಲರೆ. ಎಲ್ಲಾ ನೂರರ ನೋಟಾದರೆ ಮೂರು ಕೇಜಿ. ನನ್ನ ಹೆಂಡತಿ ದೇವರಾಜ ಮಾರ್ಕೆಟ್‌ನಿಂದ ಅದಕ್ಕಿಂತ ಜಾಸ್ತಿ ಟೊಮೆಟೊ ತರುತ್ತಾಳೆ. ಅಷ್ಟಿದ್ದೂ ಇಬ್ಬರೂ ಸತ್ತರು.

ಅಗ್ರಹಾರದ ಅಣ್ಣಯ್ಯ
ಹ್ಹಹ್ಹ. ಗುರುಗಳೇ, ನೀವು ತಂದ ಸಾಕ್ಷಿ ನಿಮ್ಮ ಕಾಲಿಗೇ ಸುತ್ತಿಕೊಂಡಿತು.

ಫಿಲಂ ಗುರು
ನಾನು ಹೇಳಿದ್ದು ಗುಂಡಿನ ಕಾಳಗದ ಬಗ್ಗೆ. ತೂಕದ ಬಗ್ಗೆ ಅಲ್ಲ.

ನಿವೃತ್ತ ಕ್ಯಾಷಿಯರ್
'ಚೀಲ ಹೊತ್ತು' ಅಂತ ನೀವೇ ಬರೆದಿದ್ದೀರಿ. ಮೇಲೆ ಹೋಗಿ ನೋಡಿ.

ಮದ್ದೂರ್ ವಡೆ
ಸಾರ್, ಒಂದು ಡೌಟು. ಬ್ಯಾಂಕಿನಲ್ಲಿ ಅಷ್ಟು ದುಡ್ಡು ಇಡುತ್ತಾರಾ? ನಮ್ಮ ಊರಿನ ಶಾಖೆಯಲ್ಲಿ ಐದು ಲಕ್ಷ ತೆಗೆಯಬೇಕಾದರೆ ಹಿಂದಿನ ದಿನವೇ ಹೇಳಿ ಬನ್ನಿ ಎನ್ನುತ್ತಾರೆ.

ನಿವೃತ್ತ ಕ್ಯಾಷಿಯರ್
ಎಲ್ಲಾ ಶಾಖೆಯಲ್ಲೂ ಇಡುವುದಿಲ್ಲ. ದೊಡ್ಡ ಮೊತ್ತ ಇರುವುದು ಕರೆನ್ಸಿ ಚೆಸ್ಟ್, ಅಂದರೆ ನೋಟಿನ ದೊಡ್ಡ ಖಜಾನೆ ಇರುವ ಕಡೆ. ಅಲ್ಲೂ ಒಬ್ಬನ ಕೈಯಲ್ಲಿ ಬೀಗ ತೆಗೆಯಲು ಆಗುವುದಿಲ್ಲ. ಎರಡು ಕೀ, ಇಬ್ಬರ ಹತ್ತಿರ. ಒಬ್ಬ ರಜಾ ಹಾಕಬೇಕಾದರೆ ಕೀ ಇನ್ನೊಬ್ಬರಿಗೆ ಬರೆದು ಕೊಟ್ಟು ಹೋಗಬೇಕು. ನಮ್ಮಲ್ಲಿ ನೂರು ನೋಟಿಗೆ ಒಂದು ಪ್ಯಾಕೆಟ್, ಹತ್ತು ಪ್ಯಾಕೆಟ್‌ಗೆ ಒಂದು ಬಂಡಲ್. 500ರ ನೋಟಿನಲ್ಲಿ ಒಂದು ಕೋಟಿ ಅಂದರೆ ಇಪ್ಪತ್ತು ಬಂಡಲ್. ಸಿನಿಮಾದವರು ಅದನ್ನು ಒಂದು ತೆಳ್ಳಗಿನ ಸೂಟ್‌ಕೇಸ್‌ನಲ್ಲಿ ಹಾಕಿ ಎರಡು ಬೆರಳಲ್ಲಿ ಎತ್ತುತ್ತಾರೆ. ಆ ಸೂಟ್‌ಕೇಸ್ ನೋಡಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಹಳೇ ಸಾಮಾನು ಹಳೇ ಸಾಮಾನು ಅಂತೀರಲ್ಲ, ದೊಡ್ಡ ಹಳೇ ಸಾಮಾನು ಅದು! ಅದರ ಬಗ್ಗೆ ಯಾರೂ ಬರೆಯುವುದಿಲ್ಲ.

ಕುವೆಂಪುನಗರ ಶಾಲಿನಿ
ನಾನು ಇಷ್ಟುದ್ದ ಬರೆದದ್ದಕ್ಕೆ ಬಂದ ಉತ್ತರ 'ಒಬ್ಬಳೇ' ಎನ್ನುವ ಒಂದು ಪದಕ್ಕೆ. ಆಮೇಲೆ ಕ್ರಿಸ್ ತೂಕ. ಅಣ್ಣಯ್ಯ, ಚರ್ಚೆ ಶುರು ಮಾಡಿದವರು ನೀವು. ಹಗೆಯ ಮಾತಿಗೆ ಏನಂತೀರಿ?

ಅಗ್ರಹಾರದ ಅಣ್ಣಯ್ಯ
ಹಗೆ ತೀರಿಸಲು ವಾಪಸ್ ಹೋಗಿ ಸಾಯುವುದು ಎಲ್ಲಕ್ಕಿಂತ ಹಳೇದು ಮೇಡಂ. ತೊಡೆ ಮುರಿದು ಬಿದ್ದ ದುರ್ಯೋಧನನ ಹಗೆ ತೀರಿಸಲು ಅಶ್ವತ್ಥಾಮ ರಾತ್ರಿ ಪಾಂಡವರ ಪಾಳೆಯಕ್ಕೆ ನುಗ್ಗಲಿಲ್ವಾ?

ಕುವೆಂಪುನಗರ ಶಾಲಿನಿ
ಅಶ್ವತ್ಥಾಮ ಸಾಯಲಿಲ್ಲ. ಚಿರಂಜೀವಿ. ಅವನ ಶಾಪವೇ ಅದು. ಹೋಲಿಕೆ ಕೊಡುವ ಮುಂಚೆ ಮನೆಯಲ್ಲಿ ಅಜ್ಜಿ ಇದ್ದರೆ ಕೇಳಿ.

ಅಗ್ರಹಾರದ ಅಣ್ಣಯ್ಯ
ಸಾಯಲಿಲ್ಲ, ಸರಿ. ಹೋದದ್ದು ಹೋದನಲ್ಲ? ಅಷ್ಟೇ ನಾನು ಹೇಳಿದ್ದು.

ಫಿಲಂ ಗುರು
'ಹೋಗಿ ಸಾಯುವುದು' ಅಂತ ಬರೆದಿದ್ದೀರಿ. ಮೇಲೆ ಹೋಗಿ ನೋಡಿ. 😄

ಮಂಡ್ಯ ಕಬ್ಬು
ಅಶ್ವತ್ಥಾಮನನ್ನು ಬಿಡಿ. ಕ್ಯಾಷಿಯರ್ ಸಾರ್, ನಾನು ನಮ್ಮ ಆಲೆಮನೆ ಹತ್ತಿರ 40 ಕೇಜಿ ಬೆಲ್ಲದ ಮೂಟೆ ಹೊತ್ತು ಕೊಪ್ಪರಿಗೆಯಿಂದ ರಸ್ತೆವರೆಗೂ ಓಡಿ ತೋರಿಸುತ್ತೇನೆ. ಭಾನುವಾರ ಬನ್ನಿ. ಬಿಸಿ ಬೆಲ್ಲ ನಮ್ಮ ಕಡೆಯಿಂದ.

ನಿವೃತ್ತ ಕ್ಯಾಷಿಯರ್
ಮೂಟೆ ಬೆನ್ನ ಮೇಲೆ ಹೊರುವುದು ಬೇರೆ, ಚೀಲ ಒಂದು ಹೆಗಲಿಗೆ ನೇತುಹಾಕಿಕೊಂಡು ಓಡುವುದು ಬೇರೆ. ಒಂದೇ ಕಡೆ ಎಳೆಯುತ್ತದೆ. ಕೈಯಲ್ಲಿ ರೈಫಲ್ ಬೇರೆ.

ಮಂಡ್ಯ ಕಬ್ಬು
ಹೆಗಲಿಗೇ ಹಾಕುತ್ತೇನೆ ಸಾರ್. ಕೈಯಲ್ಲಿ ಒಂದು ಜಲ್ಲೆ ಕಬ್ಬು ಹಿಡಿಯುತ್ತೇನೆ. ಸಾಕಾ?

ಕುವೆಂಪುನಗರ ಶಾಲಿನಿ
ನಾನು ಈ ಚರ್ಚೆಯಿಂದ ಹೊರಗೆ. 30 ಸೆಕೆಂಡ್ ಕೂಡ ಬೇಕಾಗಿಲ್ಲ.

ಮದ್ದೂರ್ ವಡೆ
ಮೇಡಂ ಇರಿ, ನಿಮ್ಮ ಮಾತು ನನಗೆ ಹಿಡಿಸಿತು. ನಾನು ಸಿನಿಮಾ ನೋಡಿಲ್ಲ, ಆದರೂ.

ನಿವೃತ್ತ ಕ್ಯಾಷಿಯರ್
@ಮಂಡ್ಯ ಕಬ್ಬು: ಇನ್ನೊಂದು ಷರತ್ತು. ಅವರು ಸೂಟ್ ಹಾಕಿದ್ದರು. ಕೋಟು, ಬೂಟು ಹಾಕಿಕೊಂಡೇ ಓಡಬೇಕು. ಪಂಚೆ ಎತ್ತಿ ಕಟ್ಟಿ ಓಡಿದರೆ ಒಪ್ಪುವುದಿಲ್ಲ.

ಮಂಡ್ಯ ಕಬ್ಬು
ಮದುವೆಗೆ ಹೊಲಿಸಿದ ಕೋಟು ಇದೆ ಸಾರ್. ಬಟನ್ ಹಾಕಲು ಆಗುವುದಿಲ್ಲ, ಹಾಗೇ ಓಡುತ್ತೇನೆ. ಎಷ್ಟು ಗಂಟೆಗೆ ಬರುತ್ತೀರಿ ಹೇಳಿ.