ಅಪ್‌ಡೇಟ್: ಮೆತ್ತಗಿದ್ದ ಡೆಕ್‌ನ ಆ ಹಳೆಯ ಹಾಯಿದೋಣಿ
ಹಳೆಯ, ಭಾರದ 32 ಅಡಿ ಹಾಯಿದೋಣಿ, ಡೆಕ್ (ದೋಣಿಯ ಮೇಲಿನ ನೆಲ) ಒಂದು ಕಡೆ ಮೆತ್ತಗಿದೆ, ಕೊಳ್ಳಬಹುದಾ ಅಂತ ಕೇಳಿದ್ದೆ ಅಲ್ವಾ? ಕೊಂಡೆ!

ಡೆಕ್ ಒಳಗೆ ನೀರು ಇಳಿದಿದೆಯಾ ಅಂತ ನೋಡೋ ಮಾಯಿಶ್ಚರ್ ಮೀಟರ್ ಉಪಯೋಗಕ್ಕೆ ಬರಲಿಲ್ಲ. ಹಿಂದಿನ ದಿನ ಮಳೆ ಬಂದಿತ್ತು, ಎಲ್ಲಾ ಕಡೆ ಒದ್ದೆ ಅಂತಲೇ ತೋರಿಸಿತು. ಪ್ಲಾಸ್ಟಿಕ್ ಸುತ್ತಿಗೆಯಿಂದ ತಟ್ಟಿ ಅಂದವರಿಗೆ ಥ್ಯಾಂಕ್ಸ್. ಗಟ್ಟಿ ಜಾಗ ಟಣ್ ಅಂತು, ಕೆಟ್ಟ ಜಾಗ ಡಬ್ ಅಂತು. ಹಾಳಾಗಿದ್ದು ಎರಡು ಅಂಗೈಯಷ್ಟೇ.

ನಿಜವಾದ ತಲೆನೋವು ಚೈನ್‌ಪ್ಲೇಟ್. ಹಾಯಿಕಂಬದ ತಂತಿಗಳನ್ನು ದೋಣಿಗೆ ಬಿಗಿಯುವ ಸ್ಟೀಲ್ ಪಟ್ಟಿ ಅದು. ದೋಣಿ ಪರೀಕ್ಷಿಸಲು ಬಂದ ಸರ್ವೇಯರ್ ಒಂದನ್ನು ಬಿಚ್ಚಿಸಿದರು. ಹೊರಗೆ ಫಳಫಳ, ಡೆಕ್‌ನಲ್ಲಿ ಹೂತಿದ್ದ ಕಡೆ ಕೂದಲೆಳೆಯಷ್ಟು ಬಿರುಕು! ಗಾಳಿಯಾಡದೆ ಉಪ್ಪುನೀರು ನಿಂತರೆ ಸ್ಟೇನ್‌ಲೆಸ್ ಸ್ಟೀಲೂ ತುಕ್ಕು ಹಿಡಿಯುತ್ತಂತೆ. ಎಲ್ಲವನ್ನೂ ಬದಲಿಸುವ ಖರ್ಚನ್ನು ಮಾಲೀಕರು ಬೆಲೆಯಲ್ಲಿ ಕಳೆದರು.

ಸಣ್ಣ ಗಾಳಿಗೆ ಎಮ್ಮೆ ಥರ ಅಲುಗೋದೇ ಇಲ್ಲ ಅಂದಿದ್ದಿರಿ. ಅದಂತೂ ನಿಜ.