ಬೆಲ್ಲದ ಚಹಾ ಕುಡಿದರೆ ಶುಗರ್ ಏರಲ್ವಾ?

ಕೋಥ್ರೂಡ್ ಕನ್ನಡಿಗ: ಪುಣೆಯಲ್ಲಿ ಈಗ ಎಲ್ಲಿ ನೋಡಿದರೂ ಬೆಲ್ಲದ ಚಹಾದ ಅಂಗಡಿ. ನಮ್ಮ ಮನೆ ಹತ್ತಿರದವನು 'ಡಯಾಬಿಟಿಸ್ ಇದ್ದವರಿಗೂ ನಡೆಯುತ್ತೆ' ಅಂತ ಬೋರ್ಡೇ ಹಾಕಿದ್ದಾನೆ. ಬೆಳಗಾವಿಯಿಂದ ಬಂದಿರುವ ಅಪ್ಪನಿಗೆ ಶುಗರ್ ಇದೆ, ಆದರೂ ಹೊತ್ತುಹೊತ್ತಿಗೆ ಅಲ್ಲಿಗೇ ಹೋಗುತ್ತಾರೆ. ಸಕ್ಕರೆ ಬಿಟ್ಟಿದ್ದೇನಲ್ಲ ಅಂತಾರೆ. ಏನು ಹೇಳಲಿ?

ಚಹಾಪ್ರೇಮಿ: ಸುಮ್ನೆ ಹೆದರಿಸಬೇಡಿ ಅವರನ್ನ. ಬೆಲ್ಲದಲ್ಲಿ ಕಬ್ಬಿಣದ ಅಂಶ ಇದೆ. ನಮ್ಮ ಅಜ್ಜಂದಿರು ಬಿಸಿಲಲ್ಲಿ ಬಂದವರಿಗೆ ಬೆಲ್ಲ-ನೀರು ಕೊಡುತ್ತಿದ್ದರು, ಯಾರಿಗಿತ್ತು ಶುಗರ್?

ಲ್ಯಾಬ್ ಮಾಮಾ: ಅಜ್ಜ ಬೆಲ್ಲ-ನೀರು ಕುಡಿದು ಮತ್ತೆ ಹೊಲಕ್ಕೆ ಹೋಗುತ್ತಿದ್ದರು, ನಾವು ಲಿಫ್ಟ್ ಹತ್ತುತ್ತೇವೆ. ಅದಿರಲಿ. ಬೆಲ್ಲದಲ್ಲೂ ಬಹುಪಾಲು ಸುಕ್ರೋಸೇ, ಅಂದರೆ ಸಕ್ಕರೆಯಲ್ಲಿರುವುದೇ. ಸಣ್ಣ ಕರುಳಿನಲ್ಲಿರುವ ಸುಕ್ರೇಸ್ ಎಂಬ ಕಿಣ್ವ ಅದನ್ನು ಗ್ಲೂಕೋಸ್, ಫ್ರಕ್ಟೋಸ್ ಅಂತ ಎರಡಾಗಿ ಒಡೆಯುತ್ತದೆ, ಅದು ಕೊಲ್ಹಾಪುರದ ಆಲೆಮನೆಯಿಂದ ಬಂತೋ ಸಕ್ಕರೆ ಕಾರ್ಖಾನೆಯಿಂದ ಬಂತೋ ಅಂತ ಕೇಳುವುದಿಲ್ಲ. ಗ್ಲೂಕೋಸ್ ನೇರ ರಕ್ತಕ್ಕೆ ಸೇರುತ್ತದೆ, ಅದಕ್ಕೇ ಇನ್ಸುಲಿನ್ ಬೇಕು. ಫ್ರಕ್ಟೋಸ್ ಶುಗರ್ ಮೀಟರಿನಲ್ಲಿ ಅಷ್ಟಾಗಿ ಕಾಣುವುದಿಲ್ಲ, ಆದರೆ ಜಾಸ್ತಿಯಾದರೆ ಲಿವರ್‌ನಲ್ಲಿ ಕೊಬ್ಬಾಗಿ ಕೂರುತ್ತದೆ. ಇನ್ನು ಕಬ್ಬಿಣ. ಒಂದು ಕಪ್ಪಿಗೆ 10 ಗ್ರಾಂ ಬೆಲ್ಲ ಅಂದರೂ ಸಿಗುವುದು ಅಷ್ಟಕ್ಕಷ್ಟೇ, ಅದನ್ನೂ ದೇಹ ಹೀರಿಕೊಳ್ಳದ ಹಾಗೆ ಚಹಾದ ಟ್ಯಾನಿನ್ ಎಂಬ ಒಗರು ಅಂಶ ಅಡ್ಡ ಬರುತ್ತದೆ.

ವಿಜಯಪುರದ ಅಕ್ಕ: ಹಂಗಾದ್ರೆ ಜೇನುತುಪ್ಪ ಹಾಕಬಹುದಲ್ರೀ ಮಾಮಾ?

ಲ್ಯಾಬ್ ಮಾಮಾ: ಅದರಲ್ಲಿ ಗ್ಲೂಕೋಸ್, ಫ್ರಕ್ಟೋಸ್ ಮೊದಲೇ ಬೇರೆ ಬೇರೆಯಾಗಿರುತ್ತವೆ ಅಕ್ಕಾ. ಕರುಳಿಗೆ ಒಡೆಯುವ ಕೆಲಸವೂ ಉಳಿಯಲ್ಲ, ಶುಗರ್ ಏರುವುದು ತಪ್ಪಲ್ಲ.

ಹಿಂಜವಡಿ ಹುಡುಗ: ಸಕ್ಕರೆ ಬದಲು ಹಾಕುವ ಗುಳಿಗೆ ಇದೆಯಲ್ಲ, ಆಸ್ಪರ್ಟೇಮ್? ಅದು ಕ್ಯಾನ್ಸರ್ ತರುತ್ತೆ ಅಂತ ಸುದ್ದಿ ಬಂದಿತ್ತು ಅಲ್ವಾ?

ಪೇಠೆ ಫಾರ್ಮಸಿ: ಅರ್ಧ ಸುದ್ದಿ ಅದು. 2023ರ ಜುಲೈನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅದನ್ನು 2ಬಿ ಗುಂಪಿಗೆ ಹಾಕಿತು. ಕ್ಯಾನ್ಸರ್ ತರಬಹುದು, ಆದರೆ ಇರುವ ಪುರಾವೆ ಸಾಲದು ಅಂತ ಅದರ ಅರ್ಥ. ಆಗಲೇ ಇನ್ನೊಂದು ಸಮಿತಿ ಲೆಕ್ಕ ನೋಡಿ, ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 40 ಮಿ.ಗ್ರಾಂ ಎಂಬ ಹಳೇ ಮಿತಿಯನ್ನೇ ಉಳಿಸಿತು. 70 ಕೆಜಿ ಇರುವವರು ಅದನ್ನು ದಾಟಬೇಕಾದರೆ ದಿನಕ್ಕೆ 9ರಿಂದ 14 ಕ್ಯಾನ್‌ಗಿಂತ ಹೆಚ್ಚು ಡಯಟ್ ಕೋಲಾ ಕುಡಿಯಬೇಕು. ಪಿಕೆಯು ಎಂಬ ಹುಟ್ಟು ಕಾಯಿಲೆ ಇದ್ದವರು ಮಾತ್ರ ಮುಟ್ಟಲೇಬಾರದು, ಯಾಕಂದರೆ ಇದು ಹೊಟ್ಟೆಯಲ್ಲಿ ಒಡೆದಾಗ ಬರುವ ಫೆನೈಲಲನೈನ್ ಎಂಬ ಅಂಶವನ್ನು ಅವರ ದೇಹ ಸರಿಯಾಗಿ ಒಡೆಯಲಾರದು. ಮತ್ತೆ ಎಲ್ಲ ಸಿಹಿ ಗುಳಿಗೆಯೂ ಒಂದೇ ಅಲ್ಲ. ಸುಕ್ರಲೋಸ್ ಬಹುಪಾಲು ಹೀರಿಕೊಳ್ಳದೆ ಮಲದಲ್ಲೇ ಹೋಗುತ್ತೆ. ಸ್ಟೀವಿಯಾವನ್ನು ದೊಡ್ಡ ಕರುಳಿನ ಬ್ಯಾಕ್ಟೀರಿಯಾ ಒಡೆಯುತ್ತವೆ, ಆಮೇಲೆ ಲಿವರ್ ದಾಟಿ ಮೂತ್ರದಲ್ಲಿ ಹೋಗುತ್ತೆ.

ಚಹಾಪ್ರೇಮಿ: ಅದೇ ವಿಶ್ವ ಆರೋಗ್ಯ ಸಂಸ್ಥೆ ಇವೆಲ್ಲ ಬೇಡ ಅಂದಿದೆಯಲ್ಲ? ಅದನ್ಯಾಕೆ ಹೇಳಲ್ಲ?

ಪೇಠೆ ಫಾರ್ಮಸಿ: 2023ರ ಮೇನಲ್ಲಿ ಹೇಳಿದ್ದು. ತೂಕ ಇಳಿಸಲು ಇವನ್ನು ನೆಚ್ಚಬೇಡಿ ಅಂತ. ಮೊದಲೇ ಡಯಾಬಿಟಿಸ್ ಇದ್ದವರಿಗೆ ಈ ಸಲಹೆ ಅನ್ವಯಿಸುವುದಿಲ್ಲ ಅಂತಲೂ ಅದರಲ್ಲೇ ಇದೆ. ಪೂರ್ತಿ ಓದಿ ಸರ್.

ವಿಜಯಪುರದ ಅಕ್ಕ: ಶುಗರ್ ಫ್ರೀ ಚಾಕಲೇಟ್ ಒಳ್ಳೇದು ಅಂತ ನಮ್ಮನೆಯವರು ಇಡೀ ಡಬ್ಬಿ ಖಾಲಿ ಮಾಡಿದ್ರು. ರಾತ್ರಿಯೆಲ್ಲ ಬಾತ್‌ರೂಮೇ.

ಲ್ಯಾಬ್ ಮಾಮಾ: ಸಕ್ಕರೆ ಬದಲು ಹಾಕುವ ಮಾಲ್ಟಿಟಾಲ್ ಎಂಬ ಸಿಹಿ ಇದ್ದಿರಬೇಕು. ಅದು ಪೂರ್ತಿ ಜೀರ್ಣವಾಗಲ್ಲ, ಉಳಿದದ್ದು ದೊಡ್ಡ ಕರುಳಿಗೆ ಹೋಗಿ ನೀರು ಎಳೆಯುತ್ತೆ, ಗ್ಯಾಸ್ ಮಾಡುತ್ತೆ. ಶುಗರ್ ಕೂಡ ಸ್ವಲ್ಪ ಏರಿಸುತ್ತೆ. ಡಬ್ಬಿ ಹಿಂದೆ ಸಣ್ಣ ಅಕ್ಷರ ಇರುತ್ತೆ, ನೋಡಿ. ಕೋಥ್ರೂಡ್ ಅವರೇ, ನೀವು ಅಪ್ಪನ ಜತೆ ವಾದಕ್ಕೆ ಇಳಿಯಬೇಡಿ. ಮನೆಯಲ್ಲಿ ಗ್ಲುಕೋಮೀಟರ್ ಇದ್ದರೆ ಚಹಾಕ್ಕೆ ಮೊದಲು ಒಮ್ಮೆ, ಕುಡಿದು ಒಂದು ಗಂಟೆಗೆ ಇನ್ನೊಮ್ಮೆ ಚೆಕ್ ಮಾಡಿ ಅವರ ಕೈಗೇ ಕೊಡಿ. ಡಾಕ್ಟರ್‌ಗೂ ಈ ಬೆಲ್ಲದ ವಿಷಯ ಗೊತ್ತಿರಲಿ.

ಚಹಾಪ್ರೇಮಿ: ಬನ್ ಮಸ್ಕಾ ತಿನ್ನಿಸದೆ ಚೆಕ್ ಮಾಡಿ. ಆಮೇಲೆ ಎಲ್ಲ ತಪ್ಪೂ ಬೆಲ್ಲದ ಮೇಲೇ ಹಾಕ್ತೀರಿ.